ಸೆಕೆಂಡ್ ಹ್ಯಾಂಡ್ ಬಿಸಿಲು

ಬ್ಲಾಗಿಗೆ ಧೂಳು ಹಿಡಿದು ಮೂರು ತಿಂಗಳಾಯ್ತು. "ಏನಪ್ಪಾ, ಬರೆಯೋದು ಬಿಟ್ಟೇ ಬಿಟ್ಯಾ?" ಅಂತ ಮೂರು ಜನ ಕೇಳಿದರು. (ಅದರಲ್ಲಿ ಒಬ್ಬಳು ನನ್ನ ತಂಗಿ, ಅವಳನ್ನು ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ :-)) ಬಿಟ್ಟಿಲ್ಲ ಸ್ವಾಮಿ. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್. ಉಳಿದ ಭಾನುವಾರಗಳನ್ನೆಲ್ಲ ಕ್ಯಾಮೆರಾ ನುಂಗಿಹಾಕಿತು. ಅದಕ್ಕೇ ಈ ಸಲ ಕ್ಯಾಮೆರಾ ಬಗ್ಗೆಯೇ ಬರೆದು ಬಾಕಿ ತೀರಿಸೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕಾಫಿ ಪಕ್ಕದಲ್ಲಿಟ್ಟುಕೊಳ್ಳಿ.

ಕಳೆದ ಭಾನುವಾರ ಬೆಳಗ್ಗೆ ಗೆಳೆಯನೊಬ್ಬನ ಜೊತೆ ಅವೆನ್ಯೂ ರಸ್ತೆಗೆ ಹೋಗಿದ್ದೆ. ಅವನಿಗೆ ಹಳೇ ಪುಸ್ತಕ ಬೇಕಿತ್ತು, ನನಗೆ ಫೋಟೋ. ಒಂಬತ್ತು ಗಂಟೆ ಇರಬಹುದು. ರಸ್ತೆಯ ಪೂರ್ವದ ಬದಿಯ ಅಂಗಡಿಗಳೆಲ್ಲ ಇನ್ನೂ ನೆರಳಲ್ಲಿದ್ದವು. ಆದರೆ ಎದುರು ಬದಿಯ ಮೂರನೇ ಮಹಡಿಯ ಕಿಟಕಿ ಗಾಜಿಗೆ ಬಿಸಿಲು ಬಡಿದು, ಅಲ್ಲಿಂದ ತಿರುಗಿ ಬಂದು, ಈ ಬದಿಯಲ್ಲಿ ಮುಚ್ಚಿದ್ದ ಒಂದು ಶಟರಿನ ಮೇಲೆ ಬಾಗಿಲಗಲದ ಬೆಳಕಿನ ತುಂಡೊಂದು ಕೂತಿತ್ತು. ನಾನು ರಸ್ತೆಯ ಆಚೆಗೆ ಹೋಗಿ ಅದಕ್ಕೆ ಎದುರಾಗಿ ನಿಂತೆ. ಗೆಳೆಯ ಪುಸ್ತಕ ಹುಡುಕಿ, ಚೌಕಾಸಿ ಮಾಡಿ, ಮೂರು ಪುಸ್ತಕ ಕೊಂಡು ವಾಪಸ್ ಬಂದಾಗಲೂ ಅಲ್ಲೇ ನಿಂತಿದ್ದೆ.

"ಯಾರಿಗೋ ಕಾಯ್ತಿದೀಯ?"

"ಗೊತ್ತಿಲ್ಲ. ಯಾರಾದ್ರೂ ಬರ್ತಾರೆ."

"ಅಲ್ನೋಡು, ಮೂಟೆ ಹೊತ್ಕೊಂಡು ಬರ್ತಿರೋ ಆ ಅಜ್ಜನ್ನ. ಎಂಥಾ ಮುಖ ಅದು! ಹೋಗಿ ಹೊಡಿಯೋದು ಬಿಟ್ಟು ಶಟರ್ ನೋಡ್ಕೊಂಡು ನಿಂತಿದೀಯಲ್ಲೋ!"

ಅಲ್ಲಿ ನಾನು ಸುಮ್ಮನೆ ನಕ್ಕೆ. ಬಸ್ಸಿನಲ್ಲಿ ಉತ್ತರ ಹೊಳೆಯಿತು. (ನನಗೆ ಯಾವಾಗಲೂ ಹಾಗೇ, ಇಂಟರ್‌ವ್ಯೂಗಳಲ್ಲೂ.) ಈ ಬರಹ ಆ ಉತ್ತರ. ರಸ್ತೆ ಫೋಟೋಗ್ರಫಿ ಮಾಡೋರು ಮುಖ ಹುಡುಕೋದನ್ನು ಬಿಟ್ಟು ಮೊದಲು ಬೆಳಕು ಹುಡುಕಬೇಕು ಅನ್ನೋದು ನನ್ನ ವಾದ. ಅದೂ ನೇರ ಬಿಸಿಲಲ್ಲ. ಗೋಡೆಗೋ ಗಾಜಿಗೋ ನೆಲಕ್ಕೋ ಒಮ್ಮೆ ಬಡಿದು ಬಂದ ಸೆಕೆಂಡ್ ಹ್ಯಾಂಡ್ ಬಿಸಿಲು. ಹಾಗೆ ಮಾಡಿದರೆ ಫೋಟೋನೂ ಚೆನ್ನಾಗಿ ಬರುತ್ತೆ, ನಾವೂ ಸ್ವಲ್ಪ ಮನುಷ್ಯರಾಗಿ ಉಳೀತೀವಿ.

ಎರಡನೆಯದು ಯಾಕೆ ಅಂತ ಮೊದಲು ಹೇಳ್ತೀನಿ. ಎರಡು ವರ್ಷದ ಕೆಳಗೆ ನನ್ನ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಬಂದ ಹೊಸತರಲ್ಲಿ, ಎಲ್ಲರ ಹಾಗೆ ನಾನೂ ಕೆ.ಆರ್. ಮಾರುಕಟ್ಟೆಗೆ ಓಡಿದೆ. ಬೆಂಗಳೂರಲ್ಲಿ ಕ್ಯಾಮೆರಾ ಕೊಂಡವರೆಲ್ಲ ಮೊದಲು ಹೂವಿನ ಸಂತೆಗೆ ಹೋಗಿ, ಮೇಲಿನ ಮಹಡಿಯಿಂದ ಸೇವಂತಿಗೆ ರಾಶಿಯ ಫೋಟೋ ತೆಗೆಯಬೇಕು ಅನ್ನೋದು ಅಲಿಖಿತ ನಿಯಮ. ನಾನೂ ತೆಗೆದೆ. ಆಮೇಲೆ ಕೆಳಗಿಳಿದು, ಕನಕಾಂಬರ ಕಟ್ಟುತ್ತಾ ಕೂತಿದ್ದ ಒಬ್ಬ ಅಜ್ಜಿಯ ಮುಖಕ್ಕೆ ಎರಡಡಿ ದೂರದಲ್ಲಿ ಕ್ಯಾಮೆರಾ ಹಿಡಿದೆ. ಅಜ್ಜಿ ಸೆರಗನ್ನು ಮುಖಕ್ಕೆ ಎಳೆದುಕೊಂಡರು. ನಾನು ಅದನ್ನೂ ಹೊಡೆದೆ. ಆಗ ಅವರು ಬೈಯಲಿಲ್ಲ, ಕೂಗಾಡಲಿಲ್ಲ. "ಯಾಕಪ್ಪಾ, ನನ್ ಮುಖ ತಗೊಂಡೋಗಿ ಏನ್ ಮಾಡ್ತೀಯ?" ಅಂತ ಕೇಳಿದರು, ಅಷ್ಟೇ. ಉತ್ತರ ಗೊತ್ತಿರಲಿಲ್ಲ. ಉತ್ತರ ಇದ್ದಿದ್ದು ಇನ್‌ಸ್ಟಾಗ್ರಾಮಿನಲ್ಲಿ, ಆ ಸೆರಗಿನ ಫೋಟೋಗೆ ನನ್ನ ಅದುವರೆಗಿನ ಎಲ್ಲಾ ಫೋಟೋಗಳಿಗಿಂತ ಜಾಸ್ತಿ ಲೈಕ್ ಬಂತು. ಮೂರು ದಿನ ಖುಷಿಯಲ್ಲಿದ್ದೆ. ನಾಲ್ಕನೇ ದಿನ ತೆಗೆದುಹಾಕಿದೆ. ಆ ಫೋಟೋದಲ್ಲಿ ಚೆನ್ನಾಗಿದ್ದದ್ದು ನಾನು ಮಾಡಿದ್ದಲ್ಲ, ಅವರ ಸಂಕೋಚ ಅಂತ ಅಷ್ಟು ಹೊತ್ತಿಗೆ ಅರ್ಥ ಆಗಿತ್ತು.

ಮುಖದ ಬೇಟೆಯ ತೊಂದರೆ ಇದೇ. ಸುಕ್ಕು, ಬಡತನ, ಬೆವರು... ಇವು ಫೋಟೋದಲ್ಲಿ ತಾವೇ ಮಾತಾಡುತ್ತವೆ, ತೆಗೆದವನ ಕೆಲಸ ಏನೂ ಇರಲ್ಲ. ಅದಕ್ಕೇ ನಮ್ಮ ಫೋಟೋಗಳಲ್ಲಿ ಮೂಟೆ ಹೊರೋರು, ಹೂ ಮಾರೋರು, ಗುಡಿ ಮುಂದೆ ಕೂತೋರು ಮಾತ್ರ ತುಂಬಿಕೊಂಡಿರೋದು. ನಮ್ಮ ಆಫೀಸಿನ ಮ್ಯಾನೇಜರನ ಮುಖಕ್ಕೆ ಎರಡಡಿ ದೂರದಲ್ಲಿ ಕ್ಯಾಮೆರಾ ಹಿಡಿಯೋ ಧೈರ್ಯ ನಮಗೆ ಯಾರಿಗಾದರೂ ಇದೆಯಾ?

ಬೆಳಕು ಹುಡುಕೋಕೆ ಶುರು ಮಾಡಿದರೆ ಲೆಕ್ಕ ಬದಲಾಗುತ್ತೆ. ಬೆಳಕಿನ ತುಂಡು ಯಾರನ್ನೂ ಆರಿಸಲ್ಲ. ಸೂಟು ಹಾಕಿದವನೂ ಅದರೊಳಗೆ ಬರ್ತಾನೆ, ಟೀ ತರೋ ಹುಡುಗನೂ ಬರ್ತಾನೆ. ನೀವು ಯಾರ ಹಿಂದೆಯೂ ಓಡಬೇಕಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಫೋಟೋಗಳನ್ನು ನೋಡಿದೋರಿಗೆ ಇದು ಹೊಸದಲ್ಲ. ಹಕ್ಕಿ ಹಿಂದೆ ಓಡಿದರೆ ಹಕ್ಕಿ ಹಾರುತ್ತೆ. ಹಣ್ಣು ಬಿಟ್ಟ ಮರ ಹುಡುಕಿ ಸುಮ್ಮನೆ ಕೂತರೆ ತಾನೇ ಬರುತ್ತೆ. ರಸ್ತೆಯಲ್ಲಿ ನಮಗೆ ಹಣ್ಣಿನ ಮರ ಅಂದರೆ ಬೆಳಕು.

ಸರಿ, 'ಬಡಿದು ಬಂದ ಬೆಳಕು' ಅಂತ ಇಷ್ಟು ಹೊತ್ತು ಹೇಳ್ತಿದೀನಲ್ಲ, ಅದೇನು ದೊಡ್ಡ ವಿಜ್ಞಾನ ಅಲ್ಲ. ಅದನ್ನು ನಿಮಗಿಂತ ಮೊದಲು ನಿಮ್ಮ ಅಮ್ಮ ಕಂಡುಹಿಡಿದಿದ್ದಾರೆ. ಚಿಕ್ಕಪೇಟೆಯಲ್ಲಿ ನಮ್ಮಮ್ಮ ಸೀರೆ ಕೊಳ್ಳೋದನ್ನು ಹೇಳ್ತೀನಿ ಕೇಳಿ. ಅಂಗಡಿಯೊಳಗೆ ಟ್ಯೂಬ್‌ಲೈಟಿನ ಕೆಳಗೆ ಹತ್ತು ಸೀರೆ ಬಿಡಿಸಿ ಹಾಕಿರ್ತಾರೆ. ಅಮ್ಮ ಒಂದನ್ನು ಎತ್ತಿಕೊಂಡು ಸೀದಾ ಬಾಗಿಲಿಗೆ ಬರ್ತಾಳೆ. ಗಮನಿಸಿ, ಬಾಗಿಲಾಚೆ ಬಿಸಿಲಿಗೆ ಹೋಗಲ್ಲ. ಹೊಸ್ತಿಲಲ್ಲೇ ನಿಂತು, ಸೆರಗನ್ನು ಮುಂಗೈ ಮೇಲೆ ಹಾಕಿಕೊಂಡು, ಆ ಕಡೆ ಈ ಕಡೆ ವಾಲಿಸಿ ನೋಡ್ತಾಳೆ. ಅಲ್ಲಿ ಬೀಳೋದು ಆಕಾಶದಿಂದ, ಎದುರಿನ ಗೋಡೆಯಿಂದ, ರಸ್ತೆಯಿಂದ ತಿರುಗಿ ಬಂದ ಬೆಳಕು. ನೇರ ಬಿಸಿಲಲ್ಲಿ ಜರಿ ಕಣ್ಣಿಗೆ ಹೊಡೆಯುತ್ತೆ, ಬಣ್ಣ ತಿಳಿಯಲ್ಲ. ಟ್ಯೂಬ್‌ಲೈಟಲ್ಲಿ ಬಣ್ಣ ಸುಳ್ಳು ಹೇಳುತ್ತೆ. ಹೊಸ್ತಿಲಲ್ಲಿ ಮಾತ್ರ ಬಣ್ಣ ಬಣ್ಣವಾಗಿ ಕಾಣುತ್ತೆ. ಫೋಟೋಗ್ರಫಿ ಪುಸ್ತಕದಲ್ಲಿ 'ಓಪನ್ ಶೇಡ್' ಅಂತ ಒಂದು ಅಧ್ಯಾಯ ಇರುತ್ತೆ. ಅಷ್ಟೂ ಅಧ್ಯಾಯ ಅಮ್ಮನ ಆ ಎರಡು ಹೆಜ್ಜೆಯಲ್ಲಿದೆ. ರಸ್ತೆಯಲ್ಲಿ ಮುಖಕ್ಕೂ ಇದೇ ನ್ಯಾಯ.

ಬಡಿದು ಬರೋ ಬೆಳಕಲ್ಲಿ ಎರಡು ಜಾತಿ. ಒರಟು ಮೈಗೆ, ಅಂದರೆ ಸುಣ್ಣದ ಗೋಡೆ, ಕಲ್ಲು, ಬಟ್ಟೆಗೆ ಬಡಿದದ್ದು ನಾಲ್ಕೂ ಕಡೆ ಚೆದುರಿ ಮೆತ್ತಗಾಗುತ್ತೆ. ಇಡೀ ಗೋಡೆಯೇ ಒಂದು ದೊಡ್ಡ ದೀಪದ ಹಾಗೆ ಕೆಲಸ ಮಾಡುತ್ತೆ, ನೆರಳಿಗೆ ಅಂಚೇ ಇರಲ್ಲ. ನುಣುಪು ಮೈಗೆ, ಅಂದರೆ ಗಾಜು, ಸ್ಟೀಲು, ನಿಂತ ನೀರಿಗೆ ಬಡಿದದ್ದು ಬಂದ ಕೋನದಲ್ಲೇ ವಾಪಸ್ ಹೋಗಿ ಎಲ್ಲೋ ಒಂದು ಕಡೆ ಗಟ್ಟಿ ತುಂಡಾಗಿ ಬೀಳುತ್ತೆ. ಪಿಯುಸಿಯಲ್ಲಿ ಓದಿದ್ದೇ, ಪತನ ಕೋನ ಪ್ರತಿಫಲನ ಕೋನ ಸಮ. (ಇಂಜಿನಿಯರಿಂಗ್ ಓದಿದ್ದಕ್ಕೆ ಒಂದಾದರೂ ಉಪಯೋಗ ಆಯ್ತಲ್ಲ!) ಎಷ್ಟು ಬೆಳಕು ವಾಪಸ್ ಬರುತ್ತೆ ಅನ್ನೋದೂ ವಸ್ತುವಿಗೆ ಬಿಟ್ಟಿದ್ದು. ಒಳ್ಳೆ ಬಿಳಿ ಸುಣ್ಣದ ಗೋಡೆ ಬಿದ್ದ ಬೆಳಕಿನ ಮುಕ್ಕಾಲು ಪಾಲು ತಿರುಗಿಸಿ ಕೊಡುತ್ತೆ. ಹೊಸ ಡಾಂಬರು ನೂರಕ್ಕೆ ಐದರಷ್ಟು ಕೊಟ್ಟರೆ ಹೆಚ್ಚು. ಸಾದಾ ಗಾಜು ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಟರಷ್ಟು ಮಾತ್ರ ತಿರುಗಿಸುತ್ತೆ, ಆದರೆ ಬೆಳಕು ಓರೆಯಾಗಿ ಬಿದ್ದಷ್ಟೂ ಜಾಸ್ತಿ ಮಾಡುತ್ತಾ ಹೋಗುತ್ತೆ. ಈಗಿನ ಕಟ್ಟಡಗಳ ಕೋಟಿಂಗ್ ಇರೋ ಗಾಜಂತೂ ಕನ್ನಡಿಯೇ.

ಇನ್ನೊಂದು ಮಜಾ ಏನಂದರೆ, ತಿರುಗಿ ಬರುವಾಗ ಬೆಳಕು ಬಣ್ಣ ಹಚ್ಚಿಕೊಂಡು ಬರುತ್ತೆ. ಹಳದಿ ಟಾರ್ಪಾಲಿನ ಕೆಳಗೆ ಕೂತವರೆಲ್ಲ ಹಳದಿ. ಕೆಂಪು ಆಕ್ಸೈಡ್ ನೆಲದ ಜಗಲಿ ಮೇಲೆ ಕೂತ ಅಜ್ಜನ ಗದ್ದದ ಕೆಳಗೆ ಕೆಂಪು. ಮಾರುಕಟ್ಟೆಯಲ್ಲಿ ಚೆಂಡುಹೂ ರಾಶಿಯ ಮೇಲೆ ಬಿಸಿಲು ಬಿದ್ದಾಗ ಅದರ ಮುಂದೆ ಬಗ್ಗಿದವರ ಮುಖ ನೋಡಿ, ದೀಪದ ಮುಂದೆ ಬಗ್ಗಿದ ಹಾಗೆ ಕಾಣುತ್ತೆ. ಇದಕ್ಕೆಲ್ಲ ಯಾವ ಫಿಲ್ಟರೂ ಬೇಡ.

ಈಗ ಸ್ವಲ್ಪ ಜಗಳದ ವಿಷಯ. ಇಂಟರ್‌ನೆಟ್ಟಿನಲ್ಲಿ ಯಾವುದೇ ಫೋಟೋಗ್ರಫಿ ಪಾಠ ತೆಗೆಯಿರಿ, ಮೊದಲ ಉಪದೇಶ 'ಗೋಲ್ಡನ್ ಅವರ್'. ಸೂರ್ಯ ಕೆಳಗಿರೋವಾಗ ಮಾತ್ರ ತೆಗೀರಿ, ಮಧ್ಯಾಹ್ನ ಕ್ಯಾಮೆರಾ ಬ್ಯಾಗಲ್ಲಿಡಿ. ಈ ಉಪದೇಶ ಬರೆದೋರು ಎಲ್ಲಿಯವರು ಅಂತ ನಾವು ಕೇಳಲ್ಲ. ಲಂಡನ್ನಿನಲ್ಲಿ ಡಿಸೆಂಬರ್ 21ರ ನಡುಮಧ್ಯಾಹ್ನ ಸೂರ್ಯ ಕ್ಷಿತಿಜದಿಂದ ಮೇಲೆ ಇರೋದು ಬರೀ 15 ಡಿಗ್ರಿ. ಅವರಿಗೆ ಚಳಿಗಾಲದ ದಿನವೆಲ್ಲ ಉದ್ದ ನೆರಳೇ. ಅದೇ ದಿನ ಬೆಂಗಳೂರಿನಲ್ಲಿ ಸುಮಾರು 54 ಡಿಗ್ರಿ, ಅದು ನಮ್ಮ ಇಡೀ ವರ್ಷದ ಕನಿಷ್ಠ ಮಧ್ಯಾಹ್ನ! ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬಂದು ನಿಂತ ಕಂಬದ ನೆರಳೇ ಮಾಯವಾಗುತ್ತೆ. ಮಾರ್ಚಿನಲ್ಲಿ ನಮ್ಮ ಸೂರ್ಯ ಗಂಟೆಗೆ ಹದಿನಾಲ್ಕೂವರೆ ಡಿಗ್ರಿ ಏರಿದರೆ ಲಂಡನ್ನಿನದು ಒಂಬತ್ತು ಚಿಲ್ಲರೆ. ಅಂದರೆ ನಮ್ಮ 'ಗೋಲ್ಡನ್ ಅವರ್' ಅವರೂ ಅಲ್ಲ, ಹೆಚ್ಚಂದರೆ ಅರ್ಧ ಗಂಟೆ. ಅಷ್ಟು ಹೊತ್ತಿಗೆ ಅವೆನ್ಯೂ ರಸ್ತೆಯಲ್ಲಿ ಎಷ್ಟು ಅಂಗಡಿ ತೆಗೆದಿರುತ್ತೆ? ನಮ್ಮ ರಸ್ತೆಗಳು ಬದುಕೋದು ಹತ್ತರಿಂದ ಐದರವರೆಗೆ, ನೆತ್ತಿ ಬಿಸಿಲಲ್ಲಿ. ಆ ಬಿಸಿಲಲ್ಲಿ ಕಣ್ಣುಗಳು ಎರಡು ಕಪ್ಪು ಗುಂಡಿ, ಮೂಗಿನ ಕೆಳಗೆ ಮೀಸೆ ಹಾಗೆ ನೆರಳು. ಹಾಗಂತ ಕ್ಯಾಮೆರಾ ಬ್ಯಾಗಲ್ಲಿಟ್ಟರೆ ನಮ್ಮ ಊರಿನ ಬದುಕೇ ಫೋಟೋದಿಂದ ಹೊರಗೆ. ಆದ್ದರಿಂದ ನಮಗೆ ಬೇಕಾದ ಪಾಠ ಬಂಗಾರದ ಗಂಟೆಯದ್ದಲ್ಲ, ಬಡಿದು ಬಂದ ಬಿಸಿಲಿನದ್ದು. ನೆತ್ತಿ ಮೇಲಿನ ಸೂರ್ಯ ನೆಲಕ್ಕೆ ಬಡಿದು, ಎದುರು ಗೋಡೆಗೆ ಬಡಿದು, ಅಂಗಡಿಯ ತಗಡಿನ ಮಾಡಿನ ಕೆಳಗೆ ಕೂತವನ ಮುಖಕ್ಕೆ ಬರುತ್ತಲ್ಲ, ಅದನ್ನು ಹುಡುಕೋದನ್ನ ನಾವೇ ಕಲೀಬೇಕು.

ಪೇಟೆಯ ನಕ್ಷೆಯೇ ಇದಕ್ಕೆ ಸಹಾಯ ಮಾಡುತ್ತೆ. ಹಳೇ ದೊಡ್ಡಪೇಟೆ, ಅಂದರೆ ಈಗಿನ ಅವೆನ್ಯೂ ರಸ್ತೆ, ಉತ್ತರ ದಕ್ಷಿಣ. ಚಿಕ್ಕಪೇಟೆ ಪೂರ್ವ ಪಶ್ಚಿಮ. ಎರಡೂ ಕೂಡೋದು ದೊಡ್ಡಪೇಟೆ ಚೌಕದಲ್ಲಿ. ಬೆಳಗ್ಗೆ ಅವೆನ್ಯೂ ರಸ್ತೆಯ ಪಶ್ಚಿಮದ ಕಟ್ಟಡಗಳ ಮೇಲ್ಭಾಗಕ್ಕೆ ಬಿಸಿಲು ಬೀಳುತ್ತೆ, ಪೂರ್ವದ ಬದಿಗೆ ಅದರ ಸೆಕೆಂಡ್ ಹ್ಯಾಂಡ್. ಸಂಜೆ ಇದರ ಉಲ್ಟಾ. ಚಿಕ್ಕಪೇಟೆಯಲ್ಲಿ ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯ ವಾರಗಳಲ್ಲಿ ಬೆಳಗಿನ ಬಿಸಿಲು ರಸ್ತೆಯುದ್ದಕ್ಕೂ ಹರಿದು ಬರುತ್ತೆ, ಬೇರೆ ತಿಂಗಳಲ್ಲಿ ಓರೆ. ಹೀಗೆ ಒಂದೇ ಓಣಿಗೆ ನಾಲ್ಕು ಭಾನುವಾರ ಹೋಗಿ ನೋಡಿ, ಯಾವ ಗಾಜು ಎಷ್ಟು ಗಂಟೆಗೆ ಎಲ್ಲಿ ಬೆಳಕು ಚೆಲ್ಲುತ್ತೆ ಅಂತ ಬಾಯಿಪಾಠ ಆಗುತ್ತೆ. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತೆ, ಗಾಜಿನಿಂದ ಬಂದ ತುಂಡೂ ಹೆಚ್ಚುಕಮ್ಮಿ ಅದೇ ಲೆಕ್ಕದಲ್ಲಿ ಸರಿಯುತ್ತೆ. ಹನ್ನೆರಡು ಮೀಟರ್ ಅಗಲದ ರಸ್ತೆಯಲ್ಲಿ ಇಪ್ಪತ್ತು ನಿಮಿಷಕ್ಕೆ ಸುಮಾರು ಒಂದು ಮೀಟರ್. ಬಾಗಿಲಗಲದ ತುಂಡು ಒಂದು ಸೀರಿಯಲ್ ಎಪಿಸೋಡು ಮುಗಿಯೋದ್ರೊಳಗೆ ಬಾಗಿಲು ದಾಟಿರುತ್ತೆ.

ಇನ್ನು ಕ್ಯಾಮೆರಾ. ಬಿಸಿಲಿಗೂ ನೆರಳಿಗೂ ಇರೋ ಅಂತರ ನಮ್ಮ ಕಣ್ಣಿಗೆ ಅಷ್ಟಾಗಿ ಕಾಣಲ್ಲ, ಆದರೆ ಎಂಟರಿಂದ ಹದಿನಾರು ಪಟ್ಟು ಇರುತ್ತೆ. ಹಳಬರ 'ಸನ್ನಿ 16' ಸೂತ್ರ ಗೊತ್ತಿದ್ದರೆ ಒಳ್ಳೆಯದು. ಚೆನ್ನಾದ ಬಿಸಿಲಿಗೆ ಐಎಸ್‌ಒ 100, ಶಟರ್ 1/100 ಆಸುಪಾಸು, ಎಫ್/16. ಅದೇ ನೆರಳಿಗಾದರೆ ಎಫ್/5.6 ಅಥವಾ ಎಫ್/4. ಈಗ ಕತ್ತಲ ಓಣಿಯಲ್ಲಿ ಚಿಕ್ಕ ಬೆಳಕಿನ ತುಂಡು ಇದೆ ಅಂದುಕೊಳ್ಳಿ. ಕ್ಯಾಮೆರಾದ ಮೀಟರಿಗೆ ಇಡೀ ದೃಶ್ಯ ಸರಾಸರಿ ಬೂದು ಬಣ್ಣ ಆಗಬೇಕು ಅನ್ನೋ ಹಟ. ಕತ್ತಲು ಜಾಸ್ತಿ ಇರೋದ್ರಿಂದ ಎಲ್ಲವನ್ನೂ ಬೆಳಗಿಸೋಕೆ ಹೋಗಿ, ಆ ತುಂಡನ್ನು ಸುಟ್ಟು ಬಿಳಿ ಕಾಗದ ಮಾಡಿಬಿಡುತ್ತೆ. ಆದ್ದರಿಂದ ಬೆಳಕಿನ ತುಂಡಿಗೆ ಮೀಟರ್ ಹಿಡೀರಿ, ಇಲ್ಲಾ ಎಕ್ಸ್‌ಪೋಷರನ್ನು ಒಂದೂವರೆ ಎರಡು ಸ್ಟಾಪ್ ಇಳಿಸಿ. ನೆರಳು ಕಪ್ಪಾಗುತ್ತೆ. ಆಗಲಿ ಬಿಡಿ! ನಮ್ಮ ಭಾಷೆಯಲ್ಲಿ ಈ ಕಲೆಗೆ ಹೆಸರೇ 'ಛಾಯಾಗ್ರಹಣ'. ಛಾಯೆ ಅಂದರೆ ನೆರಳು ತಾನೇ? ಇಂಗ್ಲಿಷಿನವರು ಬೆಳಕಿನ ಹೆಸರಿಟ್ಟರು, ನಾವು ನೆರಳಿನ ಹೆಸರಿಟ್ಟೆವು. ಬೆಳಕು ಎಲ್ಲಿಗೆ ಮುಗಿಯಿತು ಅಂತ ಹೇಳೋದು ನೆರಳೇ.

ಈ ವಿಷಯದಲ್ಲಿ ನನ್ನ ದೊಡ್ಡ ದೂರು ಈಗಿನ ಫೋನುಗಳ ಮೇಲೆ. ಒಂದು ಸಲ ಒತ್ತಿದರೆ ಒಳಗೊಳಗೇ ಹಲವು ಫ್ರೇಮು ತೆಗೆದು, ಕೂಡಿಸಿ, ಕತ್ತಲೆಯನ್ನೆಲ್ಲ ಎತ್ತಿ, ಬೆಳಕನ್ನೆಲ್ಲ ಇಳಿಸಿ ಕೊಡುತ್ತವೆ. ಸಾಫ್ಟ್‌ವೇರಿನವನಾಗಿ ಅದರ ಹಿಂದಿನ ಕೆಲಸಕ್ಕೆ ಕೈ ಮುಗೀತೀನಿ. ಆದರೆ ಫಲಿತಾಂಶ? ಕತ್ತಲ ಓಣಿಯ ನಡುವೆ ಒಂದೇ ಒಂದು ಬೆಳಕಿನ ತುಂಡಿದ್ದ ಜಾಗ, ಫೋನಿನಲ್ಲಿ ನೋಡಿದರೆ ಟ್ಯೂಬ್‌ಲೈಟ್ ಹಾಕಿದ ಕಚೇರಿ ಥರ ಕಾಣುತ್ತೆ. ಎಲ್ಲವೂ ಕಾಣಬೇಕು ಅನ್ನೋ ಹಟದಲ್ಲಿ ಯಾವುದನ್ನು ನೋಡಬೇಕು ಅನ್ನೋದೇ ಹೊರಟುಹೋಗುತ್ತೆ. ಪರಿಹಾರ ಸುಲಭ: ಸ್ಕ್ರೀನಿನ ಮೇಲೆ ಬೆಳಕಿನ ತುಂಡನ್ನು ಮುಟ್ಟಿ, ಪಕ್ಕದಲ್ಲಿ ಬರೋ ಸೂರ್ಯನ ಚಿತ್ರವನ್ನು ಕೆಳಗೆ ಎಳೀರಿ. ಎಷ್ಟೋ ಫೋನುಗಳಲ್ಲಿ ಇಷ್ಟೇ ಸಾಕು. ಹಾಗಾಗಿ 'ನನ್ನ ಹತ್ರ ಒಳ್ಳೆ ಕ್ಯಾಮೆರಾ ಇಲ್ಲ' ಅನ್ನೋ ನೆಪ ನಡೆಯಲ್ಲ.

ಈ ದಾರಿಯಲ್ಲಿ ನಡೆದ ದೊಡ್ಡವರು ಬೇಕಾದಷ್ಟು ಜನ ಇದ್ದಾರೆ. ಸಿಡ್ನಿಯ ಟ್ರೆಂಟ್ ಪಾರ್ಕ್ 1999ರಲ್ಲಿ 'ಡ್ರೀಮ್/ಲೈಫ್' ಅಂತ ಕಪ್ಪುಬಿಳುಪು ಪುಸ್ತಕ ತಂದರು. ಎತ್ತರದ ಕಟ್ಟಡಗಳ ನಡುವಿನ ಕಡು ಬಿಸಿಲು ಕಡು ನೆರಳಿನಲ್ಲಿ ಆಫೀಸಿಗೆ ಹೋಗೋ ಜನ ದೇವತೆಗಳ ಹಾಗೆ ಹೊಳೀತಾರೆ. ಹಾಂಗ್‌ಕಾಂಗಿನ ಫ್ಯಾನ್ ಹೋ (1931-2016) ಓಣಿಗಳಲ್ಲಿ ಬೆಳಕಿನ ಪಟ್ಟಿ ಹುಡುಕಿ, ಅದರೊಳಗೆ ಸರಿಯಾದ ಮನುಷ್ಯ ಬರೋವರೆಗೂ ಕಾಯುತ್ತಿದ್ದರು. ಆದರೆ ಅವರ ಅತಿ ಪ್ರಸಿದ್ಧ ಚಿತ್ರ, 1954ರ 'ಅಪ್ರೋಚಿಂಗ್ ಶ್ಯಾಡೋ' ಇದೆಯಲ್ಲ, ಬಿಳಿ ಗೋಡೆಗೆ ಒರಗಿ ನಿಂತ ಹುಡುಗಿಯ ಕಡೆಗೆ ಓರೆಯಾಗಿ ನೆರಳು ಬರ್ತಿರೋದು, ಅದರಲ್ಲಿ ನಿಂತಿರೋದು ಅವರ ಸಂಬಂಧಿಕರ ಹುಡುಗಿ, ಆ ನೆರಳನ್ನು ಆಮೇಲೆ ಡಾರ್ಕ್‌ರೂಮಿನಲ್ಲಿ ಸೇರಿಸಿದ್ದು. ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದರು. ಇದು ಗೊತ್ತಾದ ದಿನ ನನಗೆ ಸ್ವಲ್ಪ ಬೇಜಾರಾಗಿತ್ತು. ಈಗ ಅನ್ನಿಸುತ್ತೆ, ರಸ್ತೆಯ ಬೆಳಕನ್ನು ಅಷ್ಟು ವರ್ಷ ನೋಡಿದವನಿಗೆ ಮಾತ್ರ ಆ ನೆರಳು ಎಲ್ಲಿರಬೇಕು ಅಂತ ಗೊತ್ತಾಗೋದು.

ಈಗ ನನ್ನ ವಾದಕ್ಕೆ ನಾನೇ ಅಡ್ಡ ನಿಲ್ಲಬೇಕು. "ಬೆಳಕಿನ ತುಂಡಿಟ್ಟುಕೊಂಡು ಕಾಯೋದು ಬೋನು ಇಟ್ಟ ಹಾಗಲ್ವಾ? ಇಲಿಗೇನು ಗೊತ್ತು?" ಅಂತ ಆವತ್ತು ಗೆಳೆಯ ಬಸ್ಸಿನಲ್ಲಿ ಕೇಳಿದ. ಒಳ್ಳೇ ಪ್ರಶ್ನೆ. ಇದು ನಿಜವಾಗಿ ಕೋರ್ಟಿಗೆ ಹೋದ ಕಥೆಯೂ ಇದೆ. ಫಿಲಿಪ್-ಲೋರ್ಕಾ ಡಿಕೋರ್ಸಿಯಾ ಅನ್ನೋ ಅಮೆರಿಕದ ಫೋಟೋಗ್ರಾಫರ್ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ, ಫುಟ್‌ಪಾತಿನ ಮೇಲಿನ ಸಾರುವೆಗೆ ಫ್ಲ್ಯಾಶ್ ಕಟ್ಟಿ, ತಾನು ದೂರದಲ್ಲಿ ನಿಂತು, ಆ ಬೆಳಕಿನ ಕೆಳಗೆ ಬಂದವರ ಮುಖ ತೆಗೆದ. 2001ರಲ್ಲಿ 'ಹೆಡ್ಸ್' ಅಂತ ಪ್ರದರ್ಶನ ಆಯ್ತು. ಅದ್ಭುತ ಫೋಟೋಗಳು, ಸುತ್ತ ಕತ್ತಲೆ, ನಡುವೆ ಒಂದು ಮುಖ. ಅದರಲ್ಲಿದ್ದ ಒಬ್ಬ ಸಂಪ್ರದಾಯಸ್ಥ ಯಹೂದಿ ಹಿರಿಯರು, ತಮ್ಮ ಚಿತ್ರ ಹೀಗೆ ಬಳಸೋದು ತಮ್ಮ ಧರ್ಮಕ್ಕೆ ವಿರುದ್ಧ ಅಂತ ಮೊಕದ್ದಮೆ ಹೂಡಿದರು. 2006ರಲ್ಲಿ ಕೋರ್ಟು ಇದು ಕಲೆ, ವಾಕ್ ಸ್ವಾತಂತ್ರ್ಯದ ರಕ್ಷಣೆ ಇದಕ್ಕಿದೆ ಅಂತ ಕೇಸು ವಜಾ ಮಾಡಿತು.

ಕೋರ್ಟು ಹೇಳಿದ್ದು ಅಲ್ಲಿನ ಕಾನೂನಿನ ಪ್ರಕಾರ ಸರಿ ಇರಬಹುದು. ನನಗೆ ಮಾತ್ರ ಆ ಹಿರಿಯರಲ್ಲಿ ನಮ್ಮ ಹೂವಿನ ಅಜ್ಜಿಯೇ ಕಾಣ್ತಾರೆ. "ನನ್ ಮುಖ ತಗೊಂಡೋಗಿ ಏನ್ ಮಾಡ್ತೀಯ?" ಕಾನೂನು ಬೇರೆ, ಮರ್ಯಾದೆ ಬೇರೆ. ಹಾಗಾಗಿ ನಾನು ಮೂರು ನಿಯಮ ಮಾಡಿಕೊಂಡಿದ್ದೇನೆ. ಒಂದು, ಬೆಳಕಿನ ಎದುರು ಎಲ್ಲರಿಗೂ ಕಾಣೋ ಹಾಗೆ, ಕ್ಯಾಮೆರಾ ಕೈಯಲ್ಲಿ ಹಿಡಿದೇ ನಿಲ್ಲೋದು. ಬೇಡ ಅನ್ನೋರು ಸುತ್ತಿ ಹೋಗಲಿ. ಎರಡು, ಯಾರಾದರೂ ಕೈ ಅಡ್ಡ ಹಿಡಿದರೆ, ಮುಖ ತಿರುಗಿಸಿದರೆ ಕ್ಯಾಮೆರಾ ಕೆಳಗೆ. ಆ ಕೈಯೇ ಚೆನ್ನಾಗಿ ಕಂಡರೂ ಸರಿ. ಮೂರು, ಆ ವ್ಯಕ್ತಿಯ ಜಾಗದಲ್ಲಿ ಬೇರೆ ಯಾರು ಬಂದಿದ್ದರೂ ಫೋಟೋ ಅಷ್ಟೇ ಚೆನ್ನಾಗಿರುತ್ತಿತ್ತಾ ಅಂತ ಕೇಳಿಕೊಳ್ಳೋದು. ಹೌದು ಅಂದರೆ ಫೋಟೋ ಬೆಳಕಿನದ್ದು, ನನ್ನ ಕೆಲಸ ಅದರಲ್ಲಿದೆ. ಇಲ್ಲ, ಆ ಮುಖದ ಕಷ್ಟವೇ ಫೋಟೋ ಅಂದರೆ, ಹೋಗಿ ಕೇಳಬೇಕು. ಇವು ಬೋನನ್ನು ಪೂರ್ತಿ ತೆಗೆಯಲ್ಲ, ಬಾಗಿಲು ತೆರೆದಿಡುತ್ತವೆ ಅಷ್ಟೇ.

ಇನ್ನೊಂದು ಅಡ್ಡಮಾತು ಇದಕ್ಕಿಂತ ಕಷ್ಟದ್ದು. ನಾನು ಹುಡುಕಿಕೊಂಡು ಹೋಗೋ ಈ ಹೊಳೆಯೋ ತುಂಡುಗಳು ಬೆಂಗಳೂರಲ್ಲಿ ಯಾಕೆ ಇಷ್ಟೊಂದಾದವು? ಮರ ಹೋಗಿದ್ದಕ್ಕೆ, ಗಾಜು ಬಂದಿದ್ದಕ್ಕೆ. ಎಂ.ಜಿ. ರಸ್ತೆಯ ಪಕ್ಕ ಮರಗಳ ಕೆಳಗೆ ನಡೆಯೋ ದಾರಿಯಿತ್ತು, ಮೆಟ್ರೋ ಕೆಲಸಕ್ಕೆ ಹೋಯ್ತು ಅಂತ ಆಫೀಸಿನ ಸೀನಿಯರ್‌ಗಳು ಹೇಳ್ತಾರೆ. 2011ರ ಅಕ್ಟೋಬರ್ 20ರಂದು ಅಲ್ಲಿಗೆ ಮೊದಲ ರೈಲು ಬಂತು. ನಾನು ಆ ಮರಗಳನ್ನು ನೋಡಿದವನಲ್ಲ, ದಿನಾ ಆ ರೈಲಲ್ಲೇ ಓಡಾಡೋನು. ಗಾಜಿನ ಕಟ್ಟಡ ಏನು ಮಾಡಬಹುದು ಅನ್ನೋದಕ್ಕೆ ಲಂಡನ್ನಿನಲ್ಲಿ ಒಳ್ಳೆ ಉದಾಹರಣೆ ಇದೆ. 2013ರಲ್ಲಿ 'ವಾಕಿ ಟಾಕಿ' ಅಂತ ಅಡ್ಡಹೆಸರಿನ ಕಟ್ಟಡದ ಒಳಬಾಗಿದ ಗಾಜು ಬಿಸಿಲನ್ನು ಒಂದೇ ಕಡೆ ಕೂಡಿಸಿ, ರಸ್ತೆಯಲ್ಲಿ ನಿಂತಿದ್ದ ಜಾಗ್ವಾರ್ ಕಾರಿನ ಭಾಗಗಳನ್ನು ಕರಗಿಸಿಬಿಟ್ಟಿತ್ತು! ಓದಿದಾಗ ನಕ್ಕಿದ್ದೆ. ಆಮೇಲೆ ಆ ನಗು ನಮ್ಮ ಮನೆಗೇ ಬಂತು.

ನಮ್ಮೂರು ತಿಪಟೂರು. ಅಪ್ಪನದು ಪಾತ್ರೆ ಅಂಗಡಿ, ಪೂರ್ವಕ್ಕೆ ಮುಖ. ಮಧ್ಯಾಹ್ನದ ಮೇಲೆ ಅಂಗಡಿಗೆ ನೇರ ಬಿಸಿಲಿಲ್ಲ. ಆದರೆ ಎದುರಿಗೆ ಹಳೇ ಮಂಡಿಯ ದೊಡ್ಡ ಸುಣ್ಣದ ಗೋಡೆ ಇತ್ತು. ಮೂರು ಗಂಟೆಯಿಂದ ಅದರ ಮೇಲೆ ಬಿಸಿಲು ಬಿದ್ದು, ಅಂಗಡಿಯೊಳಗೆಲ್ಲ ಹಾಲಿನಂಥ ಬೆಳಕು ತುಂಬಿಕೊಳ್ಳುತ್ತಿತ್ತು. ಅಪ್ಪ ಆ ಹೊತ್ತಿಗೆ ಸರಿಯಾಗಿ ಹಿತ್ತಾಳೆ ಬಿಂದಿಗೆ, ಹೊಸ ಸ್ಟೀಲ್ ಡಬ್ಬಗಳನ್ನು ಮುಂದಕ್ಕೆ ಜೋಡಿಸುತ್ತಿದ್ದರು. "ಈ ಹೊತ್ನಲ್ಲೇ ಕಣೋ ಪಾತ್ರೆ ಗಿರಾಕೀನ ಕರೆಯೋದು" ಅನ್ನೋರು. ಮೂರು ವರ್ಷ ಯೂಟ್ಯೂಬ್ ನೋಡಿ ನಾನು ಕಲಿತದ್ದನ್ನು ಅವರು ಗಲ್ಲಾ ಪೆಟ್ಟಿಗೆ ಹಿಂದೆ ಕೂತು ಮೂವತ್ತು ವರ್ಷದಿಂದ ಮಾಡಿಕೊಂಡು ಬಂದಿದ್ದರು. ಹೋದ ವರ್ಷಕ್ಕೆ ಹಿಂದಿನ ದೀಪಾವಳಿಯಲ್ಲಿ ಆ ಬೆಳಕಿನಲ್ಲಿ, ಲೆಕ್ಕದ ಪುಸ್ತಕ ನೋಡ್ತಾ ಕೂತ ಅಪ್ಪನ ಒಂದು ಫೋಟೋ ತೆಗೆದೆ. ಎದುರಿನ ಗೋಡೆಯ ಬೆಳಕು ಮುಖಕ್ಕೆ, ಪಾತ್ರೆಗಳಿಗೆ ಬಡಿದ ಬೆಳಕು ಕೈಗೆ. ನಾನು ತೆಗೆದ ಫೋಟೋಗಳಲ್ಲೇ ಅದು ಒಳ್ಳೇದು. ತೋರಿಸಿದರೆ ಕನ್ನಡಕ ಏರಿಸಿ ನೋಡಿ, "ಪಾತ್ರೆ ಚೆನ್ನಾಗ್ ಬಂದಿದೆ" ಅಂದರು. :-)

ಹೋದ ವರ್ಷ ಆ ಮಂಡಿ ಕೆಡವಿ ಕಾಂಪ್ಲೆಕ್ಸ್ ಕಟ್ಟಿದರು. ಪೂರ್ತಿ ನೀಲಿ ಗಾಜು. ಈಗ ಸಂಜೆ ನಾಲ್ಕು ಗಂಟೆಗೆ ಗಟ್ಟಿ ಬೆಳಕಿನ ತುಂಡೊಂದು ಸೀದಾ ಗಲ್ಲಾ ಪೆಟ್ಟಿಗೆ ಮೇಲೆ ಬಂದು ಕೂರುತ್ತೆ. ಬೆಂಗಳೂರಲ್ಲಿ ನಾನು ಭಾನುವಾರ ಪೂರ್ತಿ ಹುಡುಕೋದು ಅಂಥದ್ದನ್ನೇ. ಅಪ್ಪ ಅಲ್ಲಿ ಗೋಣಿಚೀಲ ಕಟ್ಟಿದ್ದಾರೆ. ನಾನು ಹೋದಾಗ ಉತ್ಸಾಹದಿಂದ, "ಅಪ್ಪಾ, ಚೀಲ ಒಂದೈದು ನಿಮಿಷ ತೆಗೀರಿ, ಎಂಥಾ ಬೆಳಕು ನೋಡಿ" ಅಂದೆ. ತೆಗೆದರು. ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದುಕೊಂಡು ಕೂತರು. "ನಿಂಗದು ಬೆಳಕು ಕಣಪ್ಪ, ನಂಗೆ ಕಣ್ಣಿಗೆ ಚುಚ್ಚುತ್ತೆ. ಬೇಗ ತಕ್ಕೋ" ಅಂದರು. ನನ್ನ ಎರಡನೇ ನಿಯಮ ನೆನಪಾಯ್ತು. ಕ್ಯಾಮೆರಾ ಕೆಳಗಿಟ್ಟು ಚೀಲ ಮತ್ತೆ ನಾನೇ ಕಟ್ಟಿದೆ.

ಆದರೂ ನನ್ನ ವಾದ ಬಿಟ್ಟಿಲ್ಲ. ಮುಖ ಹುಡುಕಬೇಡಿ, ಬೆಳಕು ಹುಡುಕಿ. ಇದಕ್ಕೆ ಅಪ್ಪನ ದೆಸೆಯಿಂದ ಒಂದು ಸಾಲು ಸೇರಿಸಿದ್ದೇನೆ: ಬೆಳಕು ಎಲ್ಲಿಂದ ಬಂತು, ಯಾರ ಕಣ್ಣಿಗೆ ಬೀಳ್ತಿದೆ ಅಂತಲೂ ನೋಡಿ. ಆ ತುಂಡಿನೊಳಗೆ ನಡೆದು ಹೋಗೋರಿಗೆ ಅದು ಎರಡು ಸೆಕೆಂಡಿನ ಹೊಳಪು. ಅಲ್ಲೇ ಕೂತು ವ್ಯಾಪಾರ ಮಾಡೋರಿಗೆ ದಿನದ ಕಾಟ ಇರಬಹುದು. ಹಾಗಿದ್ದ ಕಡೆ ಐದು ನಿಮಿಷ ಅವರ ಜೊತೆ ಮಾತಾಡಿ. ಫೋಟೋ ಸಿಗದಿದ್ದರೂ ಆ ಗಾಜು ಯಾವಾಗ ಬಂತು, ಮೊದಲು ಅಲ್ಲೇನಿತ್ತು ಅಂತಾದರೂ ಗೊತ್ತಾಗುತ್ತೆ.

ಅಂದ ಹಾಗೆ, ಅವೆನ್ಯೂ ರಸ್ತೆಯ ಶಟರಿನ ಮುಂದೆ ಕೊನೆಗೆ ಯಾರು ಬಂದರು? ಅದೇ ಮೂಟೆಯ ಅಜ್ಜ. ಮೂಟೆಯನ್ನು ಶಟರಿಗೆ ಒರಗಿಸಿ, ಬೆಳಕಿನ ತುಂಡಿನೊಳಗೆ ಬೆವರು ಒರೆಸಿಕೊಂಡರು. ನನ್ನ ಕೈಯಲ್ಲಿದ್ದ ಕ್ಯಾಮೆರಾ ನೋಡಿ ಏನೂ ಅನ್ನಲಿಲ್ಲ, ನೋಡಿದರು ಅಷ್ಟೇ. ಒಂದೇ ಒಂದು ತೆಗೆದೆ. ರಸ್ತೆ ದಾಟಿ ಹೋಗಿ ತೋರಿಸಿದೆ. ಅದರಲ್ಲಿ ಮುಖ ಅರ್ಧ ನೆರಳಲ್ಲಿತ್ತು, ಟವೆಲು ಮಾತ್ರ ಹೊಳೀತಿತ್ತು. "ನಾನೇ ಕಾಣಲ್ವಲ್ಲಪ್ಪಾ!" ಅಂತ ನಕ್ಕರು. ಗೆಳೆಯನಿಗೂ ಅದೇ ದೂರು.

ಈ ಭಾನುವಾರ ನಿಮ್ಮ ಬೀದಿಯಲ್ಲಿ ಇಪ್ಪತ್ತು ನಿಮಿಷ ಒಂದು ಕಡೆ ನಿಂತು ನೋಡಿ. ಕ್ಯಾಮೆರಾ ಇಲ್ಲದಿದ್ದರೂ ಪರವಾಗಿಲ್ಲ. ಯಾವ ಗೋಡೆ ಯಾರಿಗೆ ಬೆಳಕು ಕೊಡ್ತಿದೆ, ಯಾವ ಗಾಜು ಯಾರ ಕಣ್ಣಿಗೆ ಚುಚ್ತಿದೆ ಅಂತ ಬಂದು ಇಲ್ಲಿ ಬರೀರಿ. ಒಪ್ಪದಿದ್ದರೆ ಜಗಳಕ್ಕೂ ಬನ್ನಿ. ಮುಖದ ಫೋಟೋಗಳ ಪರವಾಗಿ ವಾದ ಮಾಡೋರು ನಮ್ಮಲ್ಲಿ ಇದ್ದಾರೆ ಅಂತ ಗೊತ್ತು, ಅವರ ಫೋಟೋಗಳಲ್ಲಿ ಕೆಲವು ನನಗೂ ಇಷ್ಟ.

ಮತ್ತೆ ಸಿಗೋಣ. ಈ ಸಲ ಮೂರು ತಿಂಗಳು ಕಾಯಿಸಲ್ಲ. (ರಿಲೀಸ್ ಇಲ್ಲದಿದ್ದರೆ!)